ಹನೂರಿನಿಂದ ಬಾರದ ಸುದ್ದಿ

ಮಾನ್ಯ ಅಧ್ಯಕ್ಷರಾದ ಶಿವನಂಜಯ್ಯನವರೇ, ವೇದಿಕೆ ತುಂಬಿದ ಅತಿಥಿಗಳೇ, ಫ್ಯಾನಿನ ಗಾಳಿ ತಲುಪದ ಹಿಂದಿನ ಸಾಲಿನ ಸಭಿಕರೇ,

ನಮ್ಮ ಟ್ರಸ್ಟಿನ ಕೊಳ್ಳೇಗಾಲ, ಹನೂರು, ಯಳಂದೂರು ಆಸ್ಪತ್ರೆಗಳ ಕಂಪ್ಯೂಟರುಗಳನ್ನು ಬೆಸೆದ ಎಂಜಿನಿಯರ್ ಕೋಮಲ ಎಂದು ನನಗೆ ಶಾಲು ಹೊದಿಸಿದ್ದೀರಿ. ಸಂತೋಷ. ಆದರೆ ಬೆಸೆಯಬೇಕಾಗಿ ಬಂದದ್ದು ಯಾಕೆ? ಅದನ್ನು ಯಾರೂ ಹೇಳಲಿಲ್ಲ.

ಕಳೆದ ವರ್ಷ ಧನಗೆರೆಯ ರಂಗಮ್ಮನವರು ಹನೂರಿನ ನಮ್ಮ ಆಸ್ಪತ್ರೆಯಲ್ಲಿ, ಪೆನಿಸಿಲಿನ್ ತಮಗೆ ಒಗ್ಗದೆಂದು ಬರೆಸಿದ್ದರು. ಆಮೇಲೊಮ್ಮೆ ಕಾಲಿಗೆ ಕುಡುಗೋಲು ತಗುಲಿ ಇಲ್ಲಿಗೆ, ಕೊಳ್ಳೇಗಾಲದ ಆಸ್ಪತ್ರೆಗೆ ಬಂದರು. "ಎಲ್ಲಾ ಅನೂರಲ್ಲೇ ಬರ್ಸಿವ್ನಿ ಸಾ, ನೋಡ್ಕಳಿ" ಎಂದರು. ಇಲ್ಲಿನವರು ನೋಡಿದರು. ಪರದೆಯಲ್ಲಿ ಏನೂ ಇರಲಿಲ್ಲ. ಅದೇ ಇಂಜೆಕ್ಷನ್ ಕೊಟ್ಟರು. ಮುಖ ಊದಿತು, ಉಸಿರು ಕಟ್ಟಿತು. ಡಾಕ್ಟರ್ ಪ್ರೇಮಾ ಓಡಿ ಬಂದದ್ದರಿಂದ ನಮ್ಮ ಚಿಕ್ಕವ್ವ... ಕ್ಷಮಿಸಿ, ರಂಗಮ್ಮನವರು ಉಳಿದರು.

ಹೌದು, ನನ್ನ ಚಿಕ್ಕವ್ವನೇ. ನನಗೆ ಜಡೆ ಹೆಣೆದು ಸ್ಕೂಲಿಗೆ ಕಳಿಸಿದವರು. ಹೇಳಬಾರದು ಅಂದುಕೊಂಡಿದ್ದೆ.

ಸಾಫ್ಟ್‌ವೇರ್ ಮಾರಿದವರನ್ನು ಕೇಳಿದೆ. "ಹನೂರಿನ ಡೇಟಾಬೇಸು ಬೇರೆ ಜಾತಿಯದು ಮೇಡಂ" ಎಂದರು. ಸ್ವಾಮಿ, ಡೇಟಾಬೇಸಿಗೂ ಜಾತಿಯೇ? ದಾಖಲೆ ಬದಲಾದರೆ "ಇದು ಬದಲಾಯಿತು" ಎಂಬ ಸುದ್ದಿ ಹುಟ್ಟಬೇಕು, ಉಳಿದ ಊರುಗಳ ನಕಲು ಅದರಂತೆ ತಿದ್ದಿಕೊಳ್ಳಬೇಕು. ಅವರ ಯಂತ್ರ ಒಂದೇ ಜಾತಿಯ ಡೇಟಾಬೇಸಿನಿಂದ ಮಾತ್ರ ಸುದ್ದಿ ಹುಟ್ಟಿಸುತ್ತಿತ್ತು. ಉಳಿದವರು ಸಾಯಬೇಕೇ?

ನಾನು ಆ ಸುದ್ದಿ ಹುಟ್ಟಿಸುವ ಭಾಗವನ್ನೇ ಕಳಚಿ ಬೇರೆ ಮಾಡಿದೆ. ಸುದ್ದಿಯ ರೂಪ ಮಾತ್ರ ಎಲ್ಲರಿಗೂ ಒಂದೇ. ಅದನ್ನು ಹುಟ್ಟಿಸುವ ತುಂಡು ಆಯಾ ಡೇಟಾಬೇಸಿಗೆ ತಕ್ಕದ್ದು, ಸ್ವಿಚ್ ಬೋರ್ಡಿಗೆ ಪಿನ್ನಿನಂತೆ ಸಿಕ್ಕಿಸಿದರಾಯಿತು. ಯಳಂದೂರಿನವರು ಮೊನ್ನೆ ಡೇಟಾಬೇಸನ್ನೇ ಬದಲಿಸಿದರು. ಒಂದು ತುಂಡು ಹೊಸದಾಗಿ ಬರೆದೆ, ಉಳಿದದ್ದನ್ನು ಮುಟ್ಟಲಿಲ್ಲ. ಈಗ ಮೂರೂ ಕಡೆ ಒಂದೇ ಮಾತು ಕಾಣುತ್ತದೆ.

ಚಪ್ಪಾಳೆ ಬೇಡ. ಇನ್ನೂ ಮುಗಿದಿಲ್ಲ.

ಅಧ್ಯಕ್ಷರೇ, ಆ ಇಂಜೆಕ್ಷನ್ ಘಟನೆಯ ಬಳಿಕ ನೀವು ಟ್ರಸ್ಟಿನ ಸಭೆ ಕರೆದು "ಪೇಷೆಂಟೇ ಸರಿಯಾಗಿ ಹೇಳಲಿಲ್ಲ" ಎಂದು ತೀರ್ಮಾನಿಸಿದಿರಿ. ಚಿಕ್ಕವ್ವ ಬಾಗಿಲಲ್ಲಿ ನಿಂತು, "ಏಳಿವ್ನಲ್ಲಾ ಸಾ. ಒಂದೊಂದ್ ಊರ್ಗೂ ಒಸ್ದಾಗಿ ಏಳ್ಬೇಕಾ?" ಎಂದರು. ನೀವು ಕಡತ ಮುಚ್ಚಿ ಎದ್ದು ಹೋದಿರಿ. ಅಂದಿನಿಂದ ನೆಂಟರೆಲ್ಲ ಅವರನ್ನೇ ಬಯ್ಯುತ್ತಾರೆ, "ಬಾಯ್ಬುಟ್ಟು ಏಳಕ್ಕಾಗ್ನಿಲ್ವಾ ನಿಂಗೆ?" ಅಂತ. ಸಾವಿನ ಬಾಗಿಲಿಗೆ ಹೋಗಿ ಬಂದವರು ಬಯ್ಗುಳವನ್ನೂ ತಿನ್ನಬೇಕೇ?

ಅವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಹಸಿರು ಸೀರೆ. ತಪ್ಪು ಅವರದಲ್ಲ ಎಂದು ಎಲ್ಲರ ಎದುರು ನೀವೇ ಹೇಳಬೇಕು. ಹೇಳುವವರೆಗೆ ಈ ಶಾಲು ಮೇಜಿನ ಮೇಲಿರಲಿ.

ಎದ್ದಿರಾ ಸಾರ್? ಬನ್ನಿ, ಮೈಕ್ ಆನ್ ಆಗಿದೆ. ನನಗಲ್ಲ, ಅವರಿಗೆ ಹೇಳಿ.

ನನ್ನ ಮಾತು ಮುಗಿಯಿತು, ಇನ್ನು ಮೈಕ್ ಅಧ್ಯಕ್ಷರದು. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.