ಹುಳುಮನೆಯಲ್ಲಿ ತೇಲಿದ ಎಣ್ಣೆ

ಸಭೆಯ ಅಧ್ಯಕ್ಷರೇ, ನಮ್ಮ ಎಣ್ಣೆ ಘಟಕವನ್ನು ಉದ್ಘಾಟಿಸಿದ ಮುಖ್ಯ ಅತಿಥಿಗಳೇ, ಶಿಡ್ಲಘಟ್ಟದ ಸಭಿಕರೇ, ಗೌರಿಬಿದನೂರು, ಚಿಂತಾಮಣಿಗಳಿಂದ ಬಸ್ಸು ಬದಲಾಯಿಸಿಕೊಂಡು ಬಂದಿರುವ ಸಂಘದ ಅಕ್ಕತಂಗಿಯರೇ, ಮತ್ತು ಮೊದಲ ಸಾಲಿನಲ್ಲಿ ಕುಳಿತು ನನ್ನನ್ನೇ ದಿಟ್ಟಿಸುತ್ತಿರುವ ನಮ್ಮ ಅತ್ತೆಯವರಾದ ಅಕ್ಕಯಮ್ಮನವರೇ,

ಇಂದು ನಾವು ಗೆದ್ದಿದ್ದೇವೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ವಿನಯದ ಮಾತು ಆಡಿದರಾಯಿತು.

ಹಸಿ ತೆಂಗಿನಕಾಯಿಯಿಂದ ಶುದ್ಧ ಎಣ್ಣೆ ತೆಗೆಯಲು ದಾರಿ ಒಂದೇ ಏನು? ಅಲ್ಲ. ತರಬೇತಿಯಲ್ಲಿ ನಾಲ್ಕು ಕಲಿತೆವು. ಕಾಯಿಹಾಲನ್ನು ಕಾಯಿಸಿ ಕಾಯಿಸಿ ನೀರು ಇಂಗಿಸುವುದು ಒಂದು. ತುರಿಯನ್ನು ಹದವಾಗಿ ಒಣಗಿಸಿ ಗಾಣಕ್ಕೆ ಹಾಕುವುದು ಇನ್ನೊಂದು. ಹಾಲನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಎಣ್ಣೆ ಬೇರ್ಪಡಿಸುವುದು ಮತ್ತೊಂದು; ಅದರ ಬೆಲೆ ಕೇಳಿ, ಯಂತ್ರ ತಿರುಗುವ ಮೊದಲು ನಮ್ಮ ತಲೆಯೇ ತಿರುಗಿತು. ಕೊನೆಯದು, ಹಾಲನ್ನು ಹುಳಿಯಲು ಬಿಟ್ಟು, ತಾನಾಗಿ ತೇಲಿ ಬಂದ ಎಣ್ಣೆಯನ್ನು ತೆಗೆದುಕೊಳ್ಳುವುದು.

ಘಟಕಕ್ಕೆ ಒಂದೇ ವಿಧಾನ ಇರಬೇಕೆಂದು ಸಂಘ ತೀರ್ಮಾನಿಸಿತು. ಶುರುವಾಯಿತು ನೋಡಿ! ಅಲೀಪುರದ ಅಜೀಜಾ ಗಾಣವೇ ಸರಿ ಎಂದರು. ನಮ್ಮ ಅತ್ತೆ ಕಾಯಿಸುವುದೇ ಸರಿ ಎಂದರು. ನಾನು ಹುಳಿಸುವುದು ಎಂದೆ. ನಿಜ ಹೇಳಬೇಕೆಂದರೆ, ಅತ್ತೆ ಕಾಯಿಸುವುದು ಎಂದಿದ್ದಕ್ಕೇ ನಾನು ಹುಳಿಸುವುದು ಎಂದೆ.

ಸಭಿಕರೇ, ಮದುವೆಯಾಗಿ ಬಂದಾಗಿನಿಂದ ನಾನು ಮಾಡಿದ ಸಾರಿಗೆ ನಮ್ಮ ಅತ್ತೆ ಒಂದು ಚಿಟಿಕೆ ಉಪ್ಪು ಹಾಕುತ್ತಾರೆ. ರುಚಿ ನೋಡಿಯಲ್ಲ. ನೋಡದೆ! ಉಪ್ಪು ಕಡಿಮೆ ಮಾಡಿ ನೋಡಿದೆ, ಹೆಚ್ಚು ಮಾಡಿ ನೋಡಿದೆ. ಚಿಟಿಕೆ ತಪ್ಪಲಿಲ್ಲ. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು. ಇರಲಿ, ಎಣ್ಣೆಯ ವಿಷಯಕ್ಕೆ ಬರುತ್ತೇನೆ.

ತರಬೇತಿ ಕೊಟ್ಟವರು ಕರಾವಳಿಯವರು. "ಹಾಲನ್ನು ಮುಚ್ಚಿಟ್ಟು ಮರೆತುಬಿಡಿ, ಬೆಳಿಗ್ಗೆ ಎಣ್ಣೆ ತೇಲಿರುತ್ತದೆ" ಎಂದಿದ್ದರು. ಅವರ ಊರಿನ ಸೆಕೆಗೆ ತೇಲುತ್ತದೆ. ನಮ್ಮ ಡಿಸೆಂಬರ್ ಚಳಿಗೆ ತೇಲುತ್ತದೆಯೇ? ಬೆಳಿಗ್ಗೆ ಮುಚ್ಚಳ ತೆಗೆದರೆ ಎಲ್ಲವೂ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು. ಅತ್ತೆ ಬಗ್ಗಿ ನೋಡಿ, "ಅಯ್ಯೋ ದೇವುಡಾ! ಎಣ್ಣೆ ಮಾಡಕ್ಕೋಗಿ ಬೆಣ್ಣೆ ಮಾಡವ್ಳೆ ನಮ್ ತನುಜ" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕರು. ಅಳು ಬಂತು. ಅತ್ತೆಯ ಮುಂದೆ ಅಳಲಿಲ್ಲ, ಅಷ್ಟೇ.

ಚಳಿಗಾಲದಲ್ಲಿ ನಮ್ಮೂರಲ್ಲಿ ಮನುಷ್ಯರು ನಡುಗಿದರೂ ಬೆಚ್ಚಗಿರುವವರು ಯಾರು? ರೇಷ್ಮೆ ಹುಳುಗಳು! ನಮ್ಮ ಹುಳುಮನೆಗೆ ದಪ್ಪ ಗೋಡೆ, ಒಳಗೆ ಹೀಟರ್. ಆದರೆ ಅದು ಅತ್ತೆಯ ರಾಜ್ಯ. ಹುಳು ಇರುವಾಗ ಒಳಗೆ ಹೂ ಮುಡಿದು ಹೋಗುವಂತಿಲ್ಲ, ಹುಳಿ ವಾಸನೆಯಂತೂ ದೂರದ ಮಾತು. ಗೂಡು ಮಾರುಕಟ್ಟೆಗೆ ಹೋಗುವವರೆಗೆ ಕಾದೆ. ಕೋಣೆ ತೊಳೆದೆ, ವಾಸನೆಯೆಲ್ಲ ಹೋಗುವವರೆಗೆ ಗಾಳಿಗೆ ಬಿಟ್ಟೆ. ಹೀಟರ್ ಹಾಕಿ, ಪಾತ್ರೆಗಳನ್ನು ಹುಳುವಿನ ತಟ್ಟೆಗಳಿದ್ದ ಜಾಗದಲ್ಲೇ ಸಾಲಾಗಿ ಇಟ್ಟೆ. ಮರುದಿನ ಮೇಲೆ ಗಿಣ್ಣಿನಂಥ ಕೆನೆ, ತಳದಲ್ಲಿ ನೀರು, ನಡುವೆ ತಿಳಿಯಾದ ಎಣ್ಣೆ. ಬಾಟಲಿಗೆ ತುಂಬಿ ಆಚೆ ಬೆರಳು ಹಿಡಿದರೆ ಈಚೆಗೆ ಕಾಣುತ್ತಿತ್ತು.

ಆಮೇಲೆ ಸಂಘದಲ್ಲಿ ನಮ್ಮ ಮೂವರ ಎಣ್ಣೆಗೂ ವಾಸನೆಯ ಪರೀಕ್ಷೆ ನಡೆಯಿತು. ಬಾಟಲಿಗಳ ಮೇಲೆ ಹೆಸರಿಲ್ಲ, ಕತ್ತಿಗೆ ಬೇರೆ ಬೇರೆ ಬಣ್ಣದ ರೇಷ್ಮೆ ದಾರ. ಯಾವ ದಾರ ಯಾರದೆಂದು ಅಜೀಜಾಗೆ ಮಾತ್ರ ಗೊತ್ತು. ತೀರ್ಪು ಹಿರಿಯ ಮೂಗಿನದು, ಎಂದರೆ ನಮ್ಮ ಅತ್ತೆಯದು. ಒಂದನ್ನು ಮೂಸಿ, "ಸೀದೈತೆ, ಯಾರಮ್ಮಾ ಇದು?" ಎಂದರು. ಗಾಣದ್ದಕ್ಕೆ, "ಚೆನ್ನಾಗೈತೆ, ಘಮ ಸಾಲ್ದು" ಎಂದರು. ಹಸಿರು ದಾರದ್ದನ್ನು ಮತ್ತೆ ಮತ್ತೆ ಮೂಸಿದರು. ಅಂಗೈಗೆ ಹಾಕಿಕೊಂಡರು, ನಾಲಿಗೆಗೆ ಮುಟ್ಟಿಸಿದರು. "ಇದು ನಂದು ಕಣ್ರೇ. ನನ್ ಕೈ ನಂಗ್ ಗೊತ್ತಾಗಲ್ವ?" ಎಂದರು.

ಅಜೀಜಾ ನಗು ತಡೆಯಲಾಗದೆ ಸೆರಗು ಬಾಯಿಗೆ ಇಟ್ಟುಕೊಂಡರು. "ಅಕ್ಕಯಮ್ಮಾ, ಸೀದೈತೆ ಅಂದ್ರಲ್ಲ, ಅದು ನಿಮ್ದು. ಇದು ನಿಮ್ ಸೊಸೇದು!"

ಸಭೆ ಬಿದ್ದು ಬಿದ್ದು ನಕ್ಕಿತು. ನಮ್ಮ ಅತ್ತೆ ಸೋಲುವವರೇ? "ಹಂಗಾದ್ರೆ ನನ್ ಕೈ ಅವ್ಳಿಗೆ ಬಂದೈತೆ ಅನ್ರಿ" ಎಂದರು. ಸಭಿಕರೇ, ಆ ಒಂದು ಮಾತಿಗೆ ನಾನು ಎಷ್ಟು ವರ್ಷ ಕಾದಿದ್ದೆ ಎಂದು ಈಗ ಎಣಿಸುವುದು ಬೇಡ.

ನಮ್ಮ ತಾಲ್ಲೂಕಿನಲ್ಲಿ ಯಂತ್ರ ಇಲ್ಲದಿರಬಹುದು, ಹುಳುಮನೆಗೆ ಬರವೇ? ಘಟಕಕ್ಕೆ ಹುಳಿಸುವ ವಿಧಾನವೇ ಗೆದ್ದಿತು. ಪಾತ್ರೆ ಕೋಣೆಯ ಉಸ್ತುವಾರಿ ಅತ್ತೆಯದು. ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಅಲ್ಲಾಡದೆ ಕೂರುವುದನ್ನು ನಾವು ಜ್ವರಕ್ಕೆ ಕೂರುವುದು ಎನ್ನುತ್ತೇವೆ. ಈ ಬೆಳಿಗ್ಗೆ ಮುಖ್ಯ ಅತಿಥಿಗಳನ್ನೇ ಬಾಗಿಲಲ್ಲಿ ತಡೆದು, "ಚಪ್ಲಿ ಬಿಡಿ ಸ್ವಾಮಿ, ಮೆಲ್ಲಗೆ ಮಾತಾಡಿ, ಹಾಲು ಜ್ವರಕ್ಕೆ ಕೂತೈತೆ" ಎಂದವರು ಇವರೇ. ಅತಿಥಿಗಳು ಕ್ಷಮಿಸಬೇಕು.

ಬಂದವರಿಗೆ, ಕಾಯಿ ತುರಿದ ಕೈಗಳಿಗೆ, ನಕ್ಕವರಿಗೂ ಸೇರಿ, ಸಂಘದ ಪರವಾಗಿ ವಂದನೆಗಳು. ಊಟ ಮಾಡದೆ ಯಾರೂ ಹೋಗಕೂಡದು. ಸಾರು ನಾನೇ ಮಾಡಿದ್ದೇನೆ. ಅತ್ತೆ ಬಂದು ಉಪ್ಪು ಹಾಕಿದರು, ಅದೇನೂ ತಪ್ಪಲಿಲ್ಲ. ಆದರೆ ಇವತ್ತು, ಮೊದಲ ಸಲ, ರುಚಿ ನೋಡಿ ಹಾಕಿದರು.

ಎಲ್ಲರಿಗೂ ನಮಸ್ಕಾರ.