ವ್ಯಾನು ತಲುಪುವ ಹೊತ್ತಿಗೆ

ಮಾರ್ಚ್ ಹದಿನಾಲ್ಕು, ಶುಕ್ರವಾರ. ಪಟ್ಟಣವು ಹುಳುಬಾಧೆಯಿಂದ ಮುಕ್ತವಾಯಿತೆಂದು ಸಾರಲು ಪುರಭವನದಲ್ಲಿ ಕರೆದ ಸಭೆ. ಸನ್ಮಾನ ಸ್ವೀಕರಿಸಿದ ಆಸ್ಪತ್ರೆಯ ಪ್ರಯೋಗಾಲಯದ ಹಿರಿಯ ತಂತ್ರಜ್ಞೆಯ ಮಾತುಗಳು.

ಮಾನ್ಯ ಅಧ್ಯಕ್ಷರೂ ನನ್ನ ಗುರುಗಳೂ ಆದ ವೈದ್ಯರೇ, ವೇದಿಕೆಯ ಗಣ್ಯರೇ, ಬಿಸಿಲಿನಲ್ಲಿ ಬಂದು ಕೂತಿರುವ ಸಭಿಕರೇ,

ಇಷ್ಟು ಜನ ಒಟ್ಟಿಗೆ ನನ್ನ ಮುಖ ನೋಡುತ್ತಿರುವುದು ಇದೇ ಮೊದಲು. ಬೀದಿಯಲ್ಲಿ ನನ್ನನ್ನು ಕಂಡವರು ಸಾಮಾನ್ಯವಾಗಿ ಆಚೆ ಬದಿಗೆ ದಾಟುತ್ತಾರೆ. ತಪ್ಪಲ್ಲ. ನಿಮ್ಮಲ್ಲಿ ಅನೇಕರ ಹೆಸರು ನನಗೆ ಗೊತ್ತಿಲ್ಲ, ಹೊಟ್ಟೆಯೊಳಗಿನದು ಗೊತ್ತು. ಔಷಧದ ಸೀಸೆಯಲ್ಲಿ ತಂದಿರಿ, ಪೌಡರ್ ಡಬ್ಬಿಯಲ್ಲಿ ತಂದಿರಿ, ಒಬ್ಬರಂತೂ ಉಡುಗೊರೆಯ ಕಾಗದ ಸುತ್ತಿ ತಂದರು. ನಾನು ಬಿಚ್ಚಿ ನೋಡಿದೆ. ಕೆಲಸವೇ ಅದು.

ದೊಡ್ಡ ಕೆಲಸವೇನಲ್ಲ. ಮಲವನ್ನು ಜರಡಿ ಹಿಡಿದು, ಗಾಜಿನ ಪಟ್ಟಿಯ ಮೇಲೆ ಚೂರು ಹಚ್ಚಿ, ಗ್ಲಿಸರಿನ್‌ನಲ್ಲಿ ನೆನೆಸಿದ ತೆಳು ಹಾಳೆ ಹೊದಿಸಬೇಕು. ಗ್ಲಿಸರಿನ್ ಮಲವನ್ನು ತಿಳಿಯಾಗಿಸುತ್ತದೆ. ಆಗ ಹುಳುಗಳ ಮೊಟ್ಟೆ ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುತ್ತದೆ. ದುಂಡುಹುಳುವಿನ ಮೊಟ್ಟೆಯ ಸಿಪ್ಪೆ ದಪ್ಪ, ಅದು ಕಾಯುತ್ತದೆ. ಕೊಕ್ಕೆಹುಳುವಿನದು ತೆಳು. ಒಂದು ಗಂಟೆ ತಡವಾದರೆ ಗ್ಲಿಸರಿನ್ ಅದನ್ನೂ ತಿಳಿಯಾಗಿಸಿ ಕಾಣದಂತೆ ಮಾಡಿಬಿಡುತ್ತದೆ. ಇದನ್ನು ನನಗೆ ಕಲಿಸಿದವರು ಅಧ್ಯಕ್ಷರೇ. "ಸ್ಲೈಡ್ ಮಾಡಿಟ್ಟು ಟೀಗೆ ಹೋಗ್ಬೇಡಮ್ಮ. ನೀನು ಬರೋವರೆಗೆ ಅದು ಕಾಯಲ್ಲ," ಅನ್ನುತ್ತಿದ್ದರು. ಅಂದಿನಿಂದ ನಾನು ಬಿಸಿ ಟೀ ಕುಡಿದವಳಲ್ಲ.

ಆಮೇಲೆ ಸ್ಲೈಡ್ ಒಯ್ಯುವ ವ್ಯಾನು ಬಂತು. ನಮ್ಮ ಸೂಕ್ಷ್ಮದರ್ಶಕ ಬೀರುವಿಗೆ ಹೋಯಿತು. ಬೆಳಿಗ್ಗೆ ನಾನು ಸ್ಲೈಡ್ ಮಾಡುತ್ತೇನೆ, ಮಧ್ಯಾಹ್ನ ವ್ಯಾನು ಒಯ್ಯುತ್ತದೆ, ಸಂಜೆ ಕೇಂದ್ರ ಪ್ರಯೋಗಾಲಯದಲ್ಲಿ ನೋಡುತ್ತಾರೆ. ಅಷ್ಟು ಹೊತ್ತಿಗೆ ಕೊಕ್ಕೆಹುಳು ಕಾಣುತ್ತದೆಯೇ ಎಂದು ಫೋನು ಮಾಡಿ ಕೇಳಿದೆ. ಅಲ್ಲಿಯ ಹುಡುಗಿ ಒಳ್ಳೆಯವಳು. "ಕಂಡಿದ್ದನ್ನೇ ಬರೀತೀವಿ ಮೇಡಂ. ಕಾಣದ್ದನ್ನ ಹೇಗೆ ಬರೆಯೋದು?" ಅವಳದ್ದೂ ತಪ್ಪಲ್ಲ. ಅಧ್ಯಕ್ಷರಿಗೆ ಹೇಳಿದೆ. "ನಂಗೂ ಗೊತ್ತಮ್ಮ. ಮೇಲಿನವರಿಗೆ ಬರೆದೆ. ಓದಿದ್ದಾರೆ," ಅಂದರು. ಯಾರಿಗೆ ಗೊತ್ತಿಲ್ಲ, ಹೇಳಿ? ಗೊತ್ತಿಲ್ಲದವರು ಒಬ್ಬರಾದರೂ ಇದ್ದಿದ್ದರೆ ಅವರಿಗೆ ತಿಳಿಸಿ ಸರಿಮಾಡಬಹುದಿತ್ತು.

ದುಂಡುಹುಳು ನಿಜವಾಗಿಯೂ ಹೋಗಿದೆ. ಅದಕ್ಕೆ ಚಪ್ಪಾಳೆ ಹೊಡೆಯಿರಿ, ನಾನೂ ಹೊಡೆಯುತ್ತೇನೆ.

ನನ್ನ ತಂಗಿಯ ಮಗಳು ಇಟ್ಟಿಗೆ ಗೂಡಿನಲ್ಲಿ ಬರಿಗಾಲಲ್ಲಿ ಮಣ್ಣು ತುಳಿಯುತ್ತಾಳೆ. ಅಲ್ಲಿ ಶೌಚಾಲಯವಿಲ್ಲ, ಸುತ್ತಲ ಬಯಲೇ ಗತಿ. ಕೊಕ್ಕೆಹುಳು ಮೈಯೊಳಗೆ ನುಗ್ಗುವುದು ಅಂಗಾಲಿನಿಂದಲೇ, ಒಳಹೊಕ್ಕು ರಕ್ತ ಹೀರುತ್ತದೆ. ಅವಳೀಗ ಬಸುರಿ. ಮೈಯಲ್ಲಿ ರಕ್ತವಿಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿಯುತ್ತಾಳೆ. ವರದಿ ಮಾತ್ರ ಪ್ರತಿಸಲವೂ "ಕಂಡುಬಂದಿಲ್ಲ". ಚಪ್ಪಲಿ ಹಾಕಿಕೋ ಎಂದರೆ, "ಕೆಸರಲ್ಲಿ ಚಪ್ಪಲಿ ನಿಲ್ಲುತ್ತಾ ದೊಡ್ಡಮ್ಮ? ನಿಮ್ಮ ಲ್ಯಾಬೇ ಏನೂ ಇಲ್ಲ ಅಂದಿದೆ. ನಿಮ್ಮ ಕಾಗದ ನಂಬಲಾ, ನಿಮ್ಮನ್ನ ನಂಬಲಾ?" ಎಂದು ನಗುತ್ತಾಳೆ. ನಕ್ಕಾಗ ಒಸಡು ಬಿಳಿಚಿರುವುದು ಕಾಣುತ್ತದೆ.

ಇಂದು ಬೆಳಿಗ್ಗೆ ಬೀರು ತೆರೆದೆ. ಅವಳ ಸ್ಲೈಡ್ ಮಾಡಿ, ಕೂತಲ್ಲಿಂದ ಏಳದೆ ನೋಡಿದೆ. ಇದ್ದವು. ಎಣಿಸುವುದನ್ನು ಅರ್ಧಕ್ಕೆ ಬಿಟ್ಟು, ಕೈ ತೊಳೆದು, ಬಟ್ಟೆ ಬದಲಿಸಿ ಇಲ್ಲಿಗೆ ಬಂದೆ. ಅವಳಿಗೆ ಮಾತ್ರೆ ಕೊಡಿಸಬಹುದು. ಹೊಟ್ಟೆಪಾಡು, ಮತ್ತೆ ಅದೇ ಮಣ್ಣಿಗೆ ಇಳಿಯುತ್ತಾಳೆ. ಮುಂದಿನ ತಿಂಗಳಿಂದ ಗೂಡಿನವರಿಗೆ ಮಾತ್ರೆ ಹಂಚುವುದೂ ನಿಲ್ಲುತ್ತದೆ. ಹುಳುವೇ ಇಲ್ಲವಲ್ಲ!

ಘೋಷಣೆಯ ಪತ್ರ ಅಗೋ, ವೇದಿಕೆಯ ಪಕ್ಕದ ಮೇಜಿನ ಮೇಲಿದೆ. ಅಧ್ಯಕ್ಷರ ಸಹಿ ಬಿದ್ದಿದೆ, ಅದರ ಕೆಳಗೆ ನನ್ನ ಜಾಗ ಖಾಲಿಯಿದೆ. ಸರ್, ತಲೆ ತಗ್ಗಿಸಬೇಡಿ. ಸಹಿ ಹಾಕುವ ಮುನ್ನ ನೀವು ಪೆನ್ನನ್ನು ಎರಡು ಸಲ ಕೆಳಗಿಟ್ಟದ್ದನ್ನು ನೋಡಿದ್ದೇನೆ. ನಾನು ಹಾಕುವುದಿಲ್ಲ. ಅದರಿಂದ ಏನೂ ಆಗುವುದಿಲ್ಲವೆಂದೂ ಬಲ್ಲೆ. ಸೋಮವಾರ ಇನ್ನೊಬ್ಬರ ಸಹಿ ಸಿಗುತ್ತದೆ, ಮಧ್ಯಾಹ್ನ ವ್ಯಾನು ಬರುತ್ತದೆ. ಆದರೂ ಹಾಕುವುದಿಲ್ಲ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞಳು. ಮನೆಗೆ ಹೋಗುವಾಗ ನನ್ನನ್ನು ಕಂಡು ಆಚೆ ಬದಿಗೆ ದಾಟಿದರೂ ಬೇಸರವಿಲ್ಲ. ಸಹಿ ಹಾಕಲೆಂದು ಸಭೆಯ ಕಾರ್ಯದರ್ಶಿಗಳು ಕೊಟ್ಟ ಪೆನ್ನು ಇನ್ನೂ ನನ್ನ ಕೈಯಲ್ಲೇ ಇದೆ. ಕೆಳಗಿಳಿದು ಅದನ್ನು ಹಿಂದಿರುಗಿಸುತ್ತೇನೆ. ನಮಸ್ಕಾರ.