ಮಗಳು ಅತ್ತಿದ್ದು ಹುಂಜನಿಗಾಗಿ

ಝಾಗ್ರೆಬ್ ನಗರದ ಟ್ರಾಮಿನಲ್ಲಿ ನನ್ನ ಮುಂದೆ ಇಬ್ಬರು ಗೆಳತಿಯರು ಕೂತಿದ್ದರು. ಮಿರ್ನಾ ಮಕ್ಕಳಿಗಾಗಿ ಮೊಲದ ಕಾರ್ಟೂನ್ ಮಾಡುವವಳು, ತಿಹಾನಾ ದೊಡ್ಡವರಿಗಾಗಿ ಕುಡುಕ ಹುಂಜನ ಕಾರ್ಟೂನ್ ಮಾಡುವವಳು ಎಂದು ಮಾತಿನಲ್ಲೇ ತಿಳಿಯಿತು.

“ನನ್ನ ಮಗಳು ಕದ್ದು ನಿನ್ನ ಹುಂಜನ್ನ ನೋಡ್ತಾಳೆ ಕಣೇ,” ಎಂದಳು ಮಿರ್ನಾ.

“ಎಂಟು ವರ್ಷದ ಮಗುಗೆ ಏನ್ ತಿಳಿಯುತ್ತೆ? ಅವನು ಬಿದ್ದಾಗ ನಗ್ತಾಳೆ, ಅಷ್ಟೇ.”

“ಅವನ ಹೆಂಡ್ತಿ ಬಿಟ್ಟುಹೋದಾಗ ಬಿಕ್ಕಿಬಿಕ್ಕಿ ಅತ್ತಳು. ನನ್ನ ಮೊಲಕ್ಕೆ ಒಂದು ಹನಿ ಕಣ್ಣೀರಿಲ್ಲ.”

“ನಿನ್ನ ಮೊಲ ಯಾವಾಗ್ಲೂ ಖುಷಿಯಾಗೇ ಇರುತ್ತಲ್ಲ, ಮಾರಾಯ್ತಿ!”

“ಉಪದೇಶ ಬೇಡ.”

“ನೋಡ್ಬೇಡ ಅಂತ ನಾನೇ ಅವಳಿಗೆ ಹೇಳ್ಲಾ?”

“ಬೇಡ. ನನ್ನ ಮಾತು ಕೇಳದವಳು ನಿನ್ನ ಮಾತು ಕೇಳಿಬಿಡ್ತಾಳೆ.”

ಟ್ರಾಮು ನಿಂತಿತು. ಮಿರ್ನಾ ಎದ್ದವಳು ತಿರುಗಿ ಕೇಳಿದಳು: “ಮುಂದಿನ ಕಂತಲ್ಲಿ ಹೆಂಡ್ತಿ ವಾಪಸ್ ಬರ್ತಾಳಾ?”

“ಬರ್ತಾಳೆ. ಯಾಕೆ?”

“ಸಿಕ್ಕಿಬಿದ್ದಾಗಿಂದ ಮಗಳು ದಿನಾ ಅದನ್ನೇ ಕೇಳ್ತಾಳೆ. ಮೊದಲು ನಾನೇ ಹೇಳ್ಬೇಕು. ನೀನು ಬಾಯಿ ಬಿಡ್ಬೇಡ,” ಎಂದು ಇಳಿದುಹೋದಳು.